ಊರಹಬ್ಬದ ರೈಫಲ್ ಕಡಲು ದಾಟಿದ್ದು ಹೇಗೆ?

ಊರಹಬ್ಬದ ಗುರಿ ಸ್ಪರ್ಧೆಗೆಂದು ಮಾಡಿದ ಹಳೆಯ ಜರ್ಮನ್ ಟಾರ್ಗೆಟ್ ರೈಫಲ್‌ಗಳನ್ನು ಹುಡುಕುವವರು ಜರ್ಮನಿಯ ಜೊತೆಗೆ ಅಮೆರಿಕದಲ್ಲೂ ಹುಡುಕುತ್ತಾರೆ. ಅಲ್ಲಿ ಸಿಗುವ ಎಷ್ಟೋ ರೈಫಲ್‌ಗಳಲ್ಲಿ ಡಯಾಪ್ಟರ್, ಅಂದರೆ ಕಣ್ಣಿಟ್ಟು ಗುರಿ ನೋಡುವ ಸಣ್ಣ ತೂತಿನ ಬಿಲ್ಲೆ, ಇರುವುದೇ ಇಲ್ಲ.

ಮಧ್ಯಯುಗದಲ್ಲಿ ಜರ್ಮನಿಯ ಊರುಗಳನ್ನು ಕಾಯಲು ಹುಟ್ಟಿದ ಕೂಟಗಳು ಕ್ರಮೇಣ ಶೂಟಿಂಗ್ ಸಂಘಗಳಾದವು. ಕಾವಲು ಹೋಯಿತು, ಶೂಟಿಂಗ್ ಸ್ಪರ್ಧೆಯ ಹಬ್ಬ ಉಳಿಯಿತು. ಗೆದ್ದವನೇ ಆ ವರ್ಷದ ‘ರಾಜ’. 1861ರಲ್ಲಿ ಗೋಥಾದಲ್ಲಿ ಈ ಸಂಘಗಳು ಒಕ್ಕೂಟ ಕಟ್ಟಿಕೊಂಡವು. ಜರ್ಮನಿ ಒಂದೇ ದೇಶವಾಗಲು ಇನ್ನೂ 10 ವರ್ಷ ಇತ್ತು!

ಸ್ಪರ್ಧೆಯಲ್ಲಿ ನಿಂತೇ ಹೊಡೆಯಬೇಕಿತ್ತು. ರೈಫಲ್‌ನ ರೂಪವೆಲ್ಲ ಬಂದದ್ದು ಅದರಿಂದಲೇ. ನಳಿಗೆ ಅಲ್ಲಾಡದಿರಲೆಂದು ಭಾರ. ಹಿಂಬದಿ ತೋಳಿಗೆ ಕೊಕ್ಕೆಯಂತೆ ಕೂರುತ್ತದೆ. ಕೆನ್ನೆಗೆ ಒರಗುವಷ್ಟು ಮರವನ್ನು ಉಬ್ಬಿಸಿ ಕೆತ್ತಿರುತ್ತಾರೆ. ಹಲವು ರೈಫಲ್‌ಗಳಿಗೆ ಎರಡು ಟ್ರಿಗರ್. ಒಂದನ್ನು ಎಳೆದು ಅಣಿಮಾಡಿದರೆ ಇನ್ನೊಂದಕ್ಕೆ ಬೆರಳು ಸೋಕಿದರೆ ಸಾಕು, ಸಿಡಿಯುತ್ತದೆ. ಜರ್ಮನಿಯ ಜೂಲ್ ಪಟ್ಟಣದ ಹೇನೆಲ್ ಕಾರ್ಖಾನೆ ಮಾಡಿದ ಐಡ್ಟ್ ರೈಫಲ್ ನನಗೆ ಇವುಗಳಲ್ಲೇ ಅಚ್ಚುಮೆಚ್ಚು. ಎಷ್ಟು ಕಡಿಮೆ ಭಾಗಗಳಲ್ಲಿ ಎಷ್ಟು ಚಂದದ ಕೆಲಸ!

ಇವುಗಳಲ್ಲಿ ಜಾಸ್ತಿ ಬಳಕೆಯಾದ ತೋಟಾ 8.15×46ಆರ್. ಹೆಸರು ಒಂದೇ ಆದರೂ ನಳಿಗೆಯ ಒಳಗಾತ್ರ ರೈಫಲ್‌ನಿಂದ ರೈಫಲ್‌ಗೆ ತುಸು ಬೇರೆ. ಹಾಗಾಗಿ ಬಲ್ಲವರು ಮೊದಲು ಮೆತ್ತನೆಯ ಸೀಸದ ಉಂಡೆಯನ್ನು ನಳಿಗೆಯಲ್ಲಿ ತಳ್ಳಿ, ಹೊರಬಂದದ್ದನ್ನು ಅಳೆಯುತ್ತಾರೆ. ಗುಂಡು ಎರಕ ಹೊಯ್ಯುವುದು ಆಮೇಲೆ. ಆ ತೋಟಾ ಸಿಗದೆ ಕೆಲವರು ನಳಿಗೆಯನ್ನೇ ಕೊರೆಸಿ ಬೇರೆ ತೋಟಾಕ್ಕೆ ಹೊಂದಿಸಿದ್ದಾರೆ. ಹಾಗೆ ಮಾಡಬಾರದಿತ್ತು. ಅಮೆರಿಕದ .30-30 ತೋಟಾದ ಹಿತ್ತಾಳೆ ಕೊಳವೆಯನ್ನೇ ತಿದ್ದಿ ಇದಕ್ಕೆ ಹೊಂದಿಸಬಹುದು.

ಕಡಲು ದಾಟಿದ ಕಥೆ ಎರಡು ಹಂತದ್ದು. 19ನೇ ಶತಮಾನದಲ್ಲಿ ವಲಸೆ ಹೋದ ಜರ್ಮನ್ನರು ಅಮೆರಿಕದಲ್ಲೂ ಸಂಘ ಕಟ್ಟಿ, ನ್ಯೂಯಾರ್ಕ್ ಸುತ್ತಮುತ್ತ ಶೂಟಿಂಗ್ ಹಬ್ಬ ನಡೆಸಿದರು. ಎರಡನೆಯದು 1945. ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಜೂಲ್ ಹಿಡಿಯಿತು. ಜುಲೈನಲ್ಲಿ ಊರು ಸೋವಿಯತ್ ಕೈಗೆ ಹೋಯಿತು. ಜರ್ಮನ್ನರು ಮನೆಯಲ್ಲಿದ್ದ ಬಂದೂಕುಗಳನ್ನೆಲ್ಲ ಒಪ್ಪಿಸಬೇಕಾಯಿತು. ಅಪ್ಪ, ಅಜ್ಜ ಹಬ್ಬಕ್ಕೆ ಒಯ್ಯುತ್ತಿದ್ದ ರೈಫಲ್ ಕೂಡ ರಾಶಿಗೆ ಬಿತ್ತು. ಚಂದ ಕಂಡದ್ದನ್ನು ಎಷ್ಟೋ ಸೈನಿಕರು ನೆನಪಿಗೆಂದು ಮನೆಗೆ ಕೊಂಡೊಯ್ದರು.

ಡಯಾಪ್ಟರ್ ಬಿಚ್ಚಿಡುವ ಭಾಗ. ರೈಫಲ್ ಒಂದು ಕಡೆ, ಅದು ಇನ್ನೊಂದು ಕಡೆ ಆಗುವುದು ಸುಲಭ. ಈಗ ಆ ಬೆರಳುದ್ದದ ತುಂಡಿಗಾಗಿ ಸಂಗ್ರಹಕಾರರು ವರ್ಷಗಟ್ಟಲೆ ಹುಡುಕುತ್ತಾರೆ.