ಪ್ರತಿಮೆ ನಿಂತಲ್ಲೇ ನಿಲ್ಲಲಿ, ಅಡಿಯ ನೆಲ ಕೈ ಬದಲಾಗಲಿ: ಬಿಗ್ ಮೌಂಟನ್ ಸ್ಮಾರಕದ ಕತೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ವೈಟ್‌ಫಿಶ್ ಎಂಬ ಊರು. ಅದರ ನೆತ್ತಿಯ ಮೇಲೆ ಬಿಗ್ ಮೌಂಟನ್ ಬೆಟ್ಟ. ಸ್ಕೀ ಮಾಡುವವರು ಜಾರಿ ಇಳಿಯುವ ದಾರಿಯ ಪಕ್ಕ ಏಸುವಿನ ಪ್ರತಿಮೆಯೊಂದಿದೆ. ಅದಿರುವುದು ಫ್ಲಾಟ್‌ಹೆಡ್ ರಾಷ್ಟ್ರೀಯ ಅರಣ್ಯದಲ್ಲಿ, ಸರ್ಕಾರಿ ನೆಲದಲ್ಲಿ. ಜಾಗ 25 ಅಡಿಗೆ 25 ಅಡಿ. ನಮ್ಮ 30–40 ಸೈಟಿನ ಅರ್ಧಕ್ಕಿಂತ ತುಸು ಹೆಚ್ಚು. ಇಷ್ಟು ನೆಲಕ್ಕಾಗಿ ಸಂಸತ್ತಿನಲ್ಲಿ ಮಸೂದೆ ಬಂತು, ಮೇಲ್ಮನವಿ ನ್ಯಾಯಾಲಯದವರೆಗೂ ವ್ಯಾಜ್ಯ ನಡೆಯಿತು.

ಕತೆಯ ಬೇರು ಇಟಲಿಯಲ್ಲಿದೆ. ಎರಡನೇ ಮಹಾಯುದ್ಧಕ್ಕೆಂದೇ ಕೊಲರಾಡೋದ ಕ್ಯಾಂಪ್ ಹೇಲ್‌ನಲ್ಲಿ ಹಿಮ, ಬಂಡೆ, ಸ್ಕೀಗಳ ಮೇಲೆ ಪಳಗಿದ ಸೈನ್ಯದ ತುಕಡಿ 10ನೇ ಮೌಂಟನ್ ಡಿವಿಷನ್. 1945ರ ಫೆಬ್ರುವರಿಯಲ್ಲಿ ಇಟಲಿಯ ರೀವಾ ರಿಡ್ಜ್ ಎಂಬ ಬೆಟ್ಟಸಾಲಿನ ಕಡಿದಾದ ಗೋಡೆಯನ್ನು ರಾತ್ರೋರಾತ್ರಿ ಹತ್ತಿ ಜರ್ಮನ್ನರನ್ನು ಬೆಚ್ಚಿಬೀಳಿಸಿದವರು ಇವರೇ. ಬದುಕಿ ಮರಳಿದ ಹಲವರು ಅಮೆರಿಕದ ಸ್ಕೀ ಉದ್ಯಮವನ್ನು ಕಟ್ಟಿದರು. ಇಟಲಿಯ ಬೆಟ್ಟದ ದಾರಿಗಳಲ್ಲಿ ಕಂಡಿದ್ದ ಪುಟ್ಟ ಗುಡಿಗಳು, ಪ್ರತಿಮೆಗಳು ಅವರ ಮನಸ್ಸಿನಲ್ಲಿ ಉಳಿದಿದ್ದವು. 1953ರಲ್ಲಿ ಕ್ಯಾಲಿಸ್ಪೆಲ್‌ನ 'ನೈಟ್ಸ್ ಆಫ್ ಕೊಲಂಬಸ್' ಎಂಬ ಕ್ಯಾಥೊಲಿಕ್ ಸಂಘ ಸತ್ತ ಸೈನಿಕರ ನೆನಪಿಗೆ ಅಂಥದೇ ಒಂದು ಪ್ರತಿಮೆ ನಿಲ್ಲಿಸಲು ಅರಣ್ಯ ಇಲಾಖೆಯ ಪರವಾನಗಿ ಕೇಳಿತು, ಸಿಕ್ಕಿತು. ಅಲ್ಲಿಂದ ಮುಂದೆ ಪರವಾನಗಿ ನವೀಕರಣ ಆಗುತ್ತಲೇ ಬಂತು. ಯಾರೂ ತಕರಾರು ತೆಗೆಯಲಿಲ್ಲ.

2011ರಲ್ಲಿ, ಧರ್ಮವೂ ಸರ್ಕಾರವೂ ಬೇರೆಬೇರೆ ಇರಬೇಕೆನ್ನುವ 'ಫ್ರೀಡಂ ಫ್ರಮ್ ರಿಲಿಜನ್ ಫೌಂಡೇಶನ್' ಎಂಬ ಸಂಘಟನೆ ಆಕ್ಷೇಪ ಎತ್ತಿತು. ಸರ್ಕಾರ ಯಾವ ಧರ್ಮದ ಬೆನ್ನಿಗೂ ನಿಲ್ಲಬಾರದೆಂದು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಹೇಳುತ್ತದೆ. ಸಾರ್ವಜನಿಕ ಅರಣ್ಯದಲ್ಲಿ ಏಸು ಹೇಗೆ ನಿಂತಾನು? ಆಗಸ್ಟ್‌ನಲ್ಲಿ ಇಲಾಖೆ ನವೀಕರಣ ನಿರಾಕರಿಸಿತು, ಪ್ರತಿಮೆಯನ್ನು ಹತ್ತಿರದ ಖಾಸಗಿ ಜಾಗಕ್ಕೆ ಸಾಗಿಸಬಹುದು ಎಂದಿತು. ಊರು ಕೆರಳಿತು. ಆಗ ಮೊಂಟಾನಾದ ಸಂಸದ ಡೆನ್ನಿ ರೆಹ್‌ಬರ್ಗ್ ತಂದ ಮಸೂದೆ ಅದನ್ನೇ ತಿರುವುಮುರುವು ಮಾಡಿತು: ಪ್ರತಿಮೆ ಕದಲುವುದು ಬೇಡ, ಅದರ ಅಡಿಯ ನೆಲವನ್ನು ಸ್ಕೀ ರೆಸಾರ್ಟ್‌ಗೆ ಕೊಟ್ಟು ಬದಲಿಗೆ ಅಷ್ಟೇ ನೆಲ ಪಡೆಯೋಣ.

ಈ ಉಪಾಯ ಹೊಸದಲ್ಲ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಮೊದಲ ಮಹಾಯುದ್ಧದ ಹುತಾತ್ಮರಿಗಾಗಿ ಮಾಜಿ ಸೈನಿಕರು 1934ರಲ್ಲಿ ಶಿಲುಬೆ ನೆಟ್ಟಿದ್ದರು. ಆ ಪ್ರದೇಶ 1994ರಲ್ಲಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು, 2001ರಲ್ಲಿ ಮೊಕದ್ದಮೆ ಬಿತ್ತು. ವ್ಯಾಜ್ಯ ನಡೆಯುವಷ್ಟು ಕಾಲ ಶಿಲುಬೆಗೆ ಪ್ಲೈವುಡ್ ಪೆಟ್ಟಿಗೆಯ ಮುಸುಕು. ಸಂಸತ್ತು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿ, ಬಳಿಕ 5 ಎಕರೆ ಖಾಸಗಿ ನೆಲಕ್ಕೆ ಬದಲಾಗಿ ಶಿಲುಬೆಯ 1 ಎಕರೆ ಬಿಟ್ಟುಕೊಡುವ ಕಾನೂನು ಮಾಡಿತು. 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಆ ವಿನಿಮಯದ ಪರ ವಾಲಿತು. ಎರಡು ವಾರ ಕಳೆಯುವಷ್ಟರಲ್ಲಿ ಶಿಲುಬೆಯೇ ಕಳುವಾಯಿತು! ಹೊಸದು ನಿಂತದ್ದು 2012ರಲ್ಲಿ, ನೆಲ ಕೈ ಬದಲಾದ ಮೇಲೆ.

ರೆಹ್‌ಬರ್ಗ್ ಮಸೂದೆಗೆ ಆ ಭಾಗ್ಯ ಬರಲಿಲ್ಲ, ಅದು ಕಾನೂನಾಗಲಿಲ್ಲ. ನನಗೆ ಆ ದಾರಿ ಒಪ್ಪಿಗೆಯೂ ಇಲ್ಲ. ಪ್ರಶ್ನೆ ಇದ್ದದ್ದು ಸತ್ತ ಸೈನಿಕರೆಲ್ಲರ ಪರವಾಗಿ ಒಂದೇ ಧರ್ಮದ ಗುರುತು ನಿಲ್ಲಬಹುದೇ ಎಂದು. ಪಹಣಿಯಲ್ಲಿ ಹೆಸರು ತಿದ್ದಿದರೆ ಅದಕ್ಕೆ ಉತ್ತರ ಸಿಗದು. ಹಾಗೆಂದು, ಗೆಳೆಯರನ್ನು ಇಟಲಿಯ ಮಣ್ಣಿಗೆ ಒಪ್ಪಿಸಿ ಬಂದವರ ನೋವನ್ನು ಹಗುರವಾಗಿ ಕಾಣಲೂ ಮನಸ್ಸು ಬರುವುದಿಲ್ಲ.

ಇತ್ತ ಇಲಾಖೆ ತನ್ನ ನಿರಾಕರಣೆಯನ್ನು ಹಿಂಪಡೆದು, ಸಾರ್ವಜನಿಕರ ಅಭಿಪ್ರಾಯ ಕೇಳಿ, 2012ರ ಜನವರಿಯಲ್ಲಿ ಪರವಾನಗಿ ಕೊಟ್ಟಿತು. ಫೌಂಡೇಶನ್ ಕೋರ್ಟಿಗೆ ಹೋಯಿತು. 2013ರಲ್ಲಿ ಜಿಲ್ಲಾ ನ್ಯಾಯಾಲಯವೂ 2015ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವೂ ಪ್ರತಿಮೆ ಉಳಿಯಲಿ ಎಂದವು. ಸ್ಕೀ ಮಾಡುವವರು ಅದಕ್ಕೆ ಟೋಪಿ ತೊಡಿಸುತ್ತಾರೆ, ಮಣಿಸರ ಹಾಕುತ್ತಾರೆ. ಸ್ಥಳೀಯರಿಗೆ ಅದು ಊರಿನ ಗುರುತಾಗಿಬಿಟ್ಟಿದೆ ಎಂಬುದೂ ತೀರ್ಪಿನಲ್ಲಿ ಲೆಕ್ಕಕ್ಕೆ ಬಂತು.

ಮೇಲ್ಮನವಿಯ ತೀರ್ಪು 2–1. ಒಪ್ಪದೆ ಭಿನ್ನಮತ ಬರೆದವರು ಹ್ಯಾರಿ ಪ್ರೆಗರ್ಸನ್. ಅದೇ ಮಹಾಯುದ್ಧದಲ್ಲಿ, 1945ರ ಓಕಿನಾವಾ ಕದನದಲ್ಲಿ, ತೀವ್ರವಾಗಿ ಗಾಯಗೊಂಡು ಬದುಕುಳಿದಿದ್ದ ಮರೀನ್ ಯೋಧ.