ಕಿಲಿಮಂಜಾರೊ ಏರಲು ಐದು ದಿನ ಸಾಲದೇ?

"ದಿನಾ ಹತ್ತು ಕಿಲೋಮೀಟರ್ ಓಡುತ್ತೇನೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಕಿಲಿಮಂಜಾರೊಗೆ ಐದು ದಿನದ ಪ್ಯಾಕೇಜ್ ಸಾಲದೇ?"

ಸಾಲದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಕಾರಣವನ್ನೂ ಬಿಡಿಸಿ ಹೇಳುತ್ತೇನೆ, ಕಾರಣ ತಿಳಿಯದೆ ಯಾರೂ ಎರಡು ಮೂರು ದಿನದ ಹೆಚ್ಚಿನ ಖರ್ಚಿಗೆ ಒಪ್ಪುವುದಿಲ್ಲ.

ಕುಮಾರ ಪರ್ವತದ ತುದಿ 1,712 ಮೀಟರ್. ಕಿಲಿಮಂಜಾರೊ ಏರುವ ದಾರಿಗಳಲ್ಲೊಂದಾದ ಮರಂಗುವಿನ ಪ್ರವೇಶದ್ವಾರವೇ ಅದಕ್ಕಿಂತ ಎತ್ತರದಲ್ಲಿದೆ. ನಿಮ್ಮ ಚಾರಣ ಮುಗಿಯುವ ಎತ್ತರವನ್ನು ದಾಟಿ ಅಲ್ಲಿನ ಚಾರಣ ಶುರುವಾಗುತ್ತದೆ.

"ದೇಹ ಗಟ್ಟಿಯಿದ್ದರೆ ಎತ್ತರ ಏನೂ ಮಾಡದು" ಎಂಬ ನಂಬಿಕೆ ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ಕಿಲಿಮಂಜಾರೊದ ತುದಿಯಾದ 5,895 ಮೀಟರ್ ಎತ್ತರದ ಉಹುರು ಶಿಖರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಲ ಮಟ್ಟದಲ್ಲಿರುವಷ್ಟೇ, ಶೇಕಡಾ 21. ಆದರೆ ಗಾಳಿಯ ಒತ್ತಡ ಕಡಲ ಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಹಾಗಾಗಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ದೇಹ ಬೇಗ ಬೇಗ ಉಸಿರೆಳೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಗ್ರಹಿಸಿದ ಮಿದುಳು ಉಸಿರಿಗೆ ಕಡಿವಾಣ ಹಾಕುತ್ತದೆ. ಆ ಕಡಿವಾಣ ಸಡಿಲವಾಗಬೇಕಾದರೆ ಮೂತ್ರಪಿಂಡಗಳು ರಕ್ತದಲ್ಲಿನ ಕ್ಷಾರವಾದ ಬೈಕಾರ್ಬೊನೇಟನ್ನು ಹೊರಹಾಕಬೇಕು. ಅದಕ್ಕೆ ದಿನಗಳೇ ಹಿಡಿಯುತ್ತವೆ. ಓಟದ ಅಭ್ಯಾಸದಿಂದ ಆ ಕೆಲಸ ಬೇಗವಾಗುವುದಿಲ್ಲ.

ಗಟ್ಟಿಮುಟ್ಟಾದವರಿಗೆ ಇನ್ನೊಂದು ಅಪಾಯವೂ ಇದೆ: ಅವರ ಕಾಲುಗಳು ಮೂತ್ರಪಿಂಡಗಳಿಗಿಂತ ಮುಂದೆ ಓಡುತ್ತವೆ. ಶಿಖರಕ್ಕೆ ಮುಂಚಿನ ಕೊನೆಯ ತಂಗುದಾಣವಾದ ಬರಾಫು ಶಿಬಿರದಲ್ಲಿ ನಾನು ಕಂಡ ಮ್ಯಾರಥಾನ್ ಓಟಗಾರ ಸಾರಿನ ಬಟ್ಟಲನ್ನು ಮುಟ್ಟದೆ ಕುಳಿತಿದ್ದ. ತಲೆನೋವಿದೆಯೇ ಎಂದು ಗೈಡ್ ಎರಡು ಸಲ ಕೇಳಿದ. ಎರಡು ಸಲವೂ ಇಲ್ಲವೆಂದ. ದಯವಿಟ್ಟು ಹಾಗೆ ಮುಚ್ಚಿಡಬೇಡಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಎತ್ತರದ ಕಾಯಿಲೆಯ ಮೊದಲ ಸುಳಿವುಗಳು. ನಡಿಗೆ ತೂರಾಡಿದರೆ ಅಥವಾ ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಆ ಕ್ಷಣವೇ ಕೆಳಗಿಳಿಯಬೇಕು, ನಡುರಾತ್ರಿಯಾದರೂ.

ಐದು ದಿನದ ಮರಂಗು ಯೋಜನೆಯಲ್ಲಿ ಮೂರನೆಯ ಸಂಜೆಗೇ 4,720 ಮೀಟರಿನ ಕಿಬೊ ಶಿಬಿರ ತಲುಪಿ, ಅಂದೇ ನಡುರಾತ್ರಿ ಶಿಖರಕ್ಕೆ ಹೊರಡುತ್ತಾರೆ. ಎಂಟು ದಿನದ ಲೆಮೊಶೊ ದಾರಿಯಲ್ಲಿ ಹಗಲು ಸುಮಾರು 4,600 ಮೀಟರಿನ ಲಾವಾ ಟವರ್‌ವರೆಗೆ ಏರಿ, ಮಲಗಲು ಕೆಳಗಿನ ಬರಾಂಕೊ ಶಿಬಿರಕ್ಕೆ ಇಳಿಯುತ್ತೀರಿ; ದೇಹಕ್ಕೆ ಎತ್ತರಕ್ಕೆ ಒಗ್ಗಲು ಸಮಯ ಸಿಗುತ್ತದೆ. ನಾನು ಎಲ್ಲರಿಗೂ ಹೇಳುವುದು ಈ ಎಂಟು ದಿನದ ದಾರಿಯನ್ನೇ. ಎತ್ತರಕ್ಕೆ ಒಗ್ಗಲು ನೆರವಾಗುವ ಅಸಿಟಜೋಲಮೈಡ್ ಮಾತ್ರೆ ಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಿ. ಅದು ದಿನಗಳಿಗೆ ಬದಲಿಯಲ್ಲ.

ಹಾಗಾದರೆ ಅಭ್ಯಾಸ ವ್ಯರ್ಥವೇ? ಖಂಡಿತ ಅಲ್ಲ. ಶಿಖರದಿಂದ ಲೆಮೊಶೊ ಚಾರಣ ಮುಗಿಯುವ ಮ್ವೇಕಾ ದ್ವಾರಕ್ಕೆ ಎರಡು ದಿನದೊಳಗೆ ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು, ಆಗ ಮಂಡಿಗಳ ಪರೀಕ್ಷೆ. ಬೆನ್ನಿಗೆ ಆರೇಳು ಕಿಲೋ ಹೊತ್ತು ಮೆಟ್ಟಿಲು ಇಳಿಯುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ.

ಯಾರೂ ಕೇಳದ ಇನ್ನೊಂದು ಮಾತು. ನಿಮ್ಮ ದೊಡ್ಡ ಬ್ಯಾಗನ್ನು ಹೊರುವವರು ಪೋರ್ಟರ್‌ಗಳು. ಒಬ್ಬರ ಹೊರೆ 20 ಕಿಲೋ ಮೀರಬಾರದೆಂಬ ನಿಯಮವಿದೆ, ದ್ವಾರದಲ್ಲಿ ತಕ್ಕಡಿಗೆ ತೂಗುಹಾಕಿ ನೋಡುತ್ತಾರೆ. ನೀವು ಮಲಗುವ ಟೆಂಟ್, ಅನ್ನದ ಪಾತ್ರೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಅವರ ತಲೆ, ಹೆಗಲಿನ ಮೇಲೆಯೇ ಏರುತ್ತವೆ. ಕಂಪನಿಯನ್ನು ಆರಿಸುವಾಗ ಅವರಿಗೆ ದಿನಗೂಲಿ ಎಷ್ಟು, ದಿನಕ್ಕೆ ಎಷ್ಟು ಹೊತ್ತು ಊಟ ಎಂದು ಕೇಳಿ. ಅವರ ಹೊರೆ ತಗ್ಗಿಸಲು ಜೀನ್ಸ್ ಪ್ಯಾಂಟನ್ನು ತಪ್ಪಲಿನ ಮೋಶಿ ಊರಿನ ಹೋಟೆಲಿನಲ್ಲೇ ಬಿಟ್ಟು ಹೊರಡಿ. ಒಮ್ಮೆ ನೆನೆದರೆ ಅದು ಅಲ್ಲಿ ಒಣಗುವುದೂ ಇಲ್ಲ.