ಒಂಟಿಯಾಗಿ ಸಿಕ್ಕ ಮಗುವನ್ನು ನಿಮ್ಮ ಮನೆಗೆ ಕರೆದೊಯ್ಯಬೇಡಿ

ಪುಣೆಯಲ್ಲಿ ಒಂದು ಮಳೆಗಾಲ. ರಾತ್ರಿ ಓಢಾ ಉಕ್ಕಿ (ಇಲ್ಲಿ ಹಳ್ಳಕ್ಕೆ ಓಢಾ ಅಂತಾರೆ) ದಂಡೆಯ ತಗಡಿನ ಶೆಡ್ಡುಗಳಿಗೆ ನೀರು ನುಗ್ಗಿತ್ತು. ಅಲ್ಲಿದ್ದ ಕಟ್ಟಡ ಕೆಲಸದವರನ್ನು ಹತ್ತಿರದ ಶಾಲೆಯಲ್ಲಿ ಉಳಿಸಿದ್ದರು. ಬೆಳಗ್ಗೆ ನಾನು ಹೋದಾಗ ಐದು ವರ್ಷದ ಹುಡುಗಿಯೊಬ್ಬಳು ಮೂಲೆಯಲ್ಲಿ ಕೂತಿದ್ದಳು. ಜೊತೆಗೆ ಯಾರೂ ಇಲ್ಲ. "ರಾತ್ರಿಯಿಂದ ಬೆಕ್ಕು ಬೇಕು ಅಂತ ಅಳ್ತಿದ್ದಾಳೆ" ಅಂದರು ಸ್ವಯಂಸೇವಕರು. ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಮನಿ, ಮನಿ." ಮರಾಠಿ ಮನೆಗಳಲ್ಲಿ ಬೆಕ್ಕನ್ನು ಮುದ್ದಿನಿಂದ ಮನಿ ಅಂತ ಕರೆಯುತ್ತಾರೆ. ಯಾದಗಿರಿ ಕಡೆಯ ಮಗುವಿಗೆ ಮನಿ ಅಂದರೆ ಮನೆ, ಅಲ್ವಾ?

ನಾನು ಪಕ್ಕದಲ್ಲಿ ಕೂತು, "ನಿಮ್ಮ ಮನಿ ಎಲ್ಲದವ್ವಾ?" ಅಂದೆ. ಅಳು ನಿಂತಿತು. ಹತ್ತು ನಿಮಿಷದಲ್ಲಿ ಅಪ್ಪನ ಹೆಸರು, ಕೂಲಿ ಕರೆತಂದ ಮುಕಾದಮನ ಹೆಸರು, ಊರಿನ ಗುಡಿಯ ಹೆಸರು ಎಲ್ಲ ಬಂತು. ತಾಯಿ ಓಢಾದ ಆಚೆ ದಂಡೆಯ ಇನ್ನೊಂದು ಶಾಲೆಯಲ್ಲಿದ್ದಳು. ಮಧ್ಯಾಹ್ನದೊಳಗೆ ಇಬ್ಬರೂ ಸೇರಿದರು.

ಅವಳ ಮೂರು ವರ್ಷದ ತಮ್ಮ ಮಾತ್ರ ಸಿಗಲಿಲ್ಲ. ನಡುಗುತ್ತಿದ್ದ ಮಗುವನ್ನು ಯಾರೋ ರಾತ್ರಿಯೇ ಸ್ಕೂಟರಿನಲ್ಲಿ ತಮ್ಮ ಮನೆಗೆ ಕರೆದೊಯ್ದಿದ್ದರು. ಬೆಚ್ಚಗೆ ಮಲಗಿಸಿದ್ದರು, ಹಾಲು ಕುಡಿಸಿದ್ದರು. ಆದರೆ ಹೋಗುವಾಗ ಯಾರಿಗೂ ಹೆಸರು, ನಂಬರ್ ಕೊಟ್ಟಿರಲಿಲ್ಲ. ಹುಡುಕಲು ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಆ ತಾಯಿಯನ್ನು ಎರಡು ಸಲ ಶವಾಗಾರಕ್ಕೆ ಕರೆದೊಯ್ಯಬೇಕಾಗಿ ಬಂತು. ಕರೆದೊಯ್ದವರು ಕೆಟ್ಟವರಲ್ಲ. ಅದಕ್ಕೇ ಈ ಮಾತನ್ನು ನಾನು ಒಳ್ಳೆಯವರಿಗೆ ಹೇಳುತ್ತಿದ್ದೇನೆ.

ಪ್ರವಾಹ, ಭೂಕುಸಿತದ ನಂತರ ಒಂಟಿಯಾಗಿ ಸಿಕ್ಕ ಮಗುವನ್ನು ನೋಡಿದ ಕೂಡಲೇ ನಮ್ಮ ಬಾಯಲ್ಲಿ ಬರುವುದು "ಅನಾಥ" ಎಂಬ ಪದ. ಆ ಹೊತ್ತಿಗೆ ಅದು ಗೊತ್ತಾಗುವುದೇ ಇಲ್ಲ. 2010ರಲ್ಲಿ ಹೈಟಿ ಭೂಕಂಪದ ನಂತರ ಅಮೆರಿಕದ ಹತ್ತು ಜನ 33 ಮಕ್ಕಳನ್ನು ಅನಾಥರೆಂದು ಹೇಳಿ ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ವಿಚಾರಿಸಿದರೆ ಹೆಚ್ಚಿನ ಮಕ್ಕಳ ಅಪ್ಪ ಅಮ್ಮ ಬದುಕಿದ್ದರು. 2005ರಲ್ಲಿ ಅಮೆರಿಕದ ಕತ್ರಿನಾ, ರೀಟಾ ಚಂಡಮಾರುತಗಳ ಹೊತ್ತಿನಲ್ಲಿ ಜನರನ್ನು ಬಸ್ಸು, ವಿಮಾನಗಳಲ್ಲಿ ಬೇರೆ ಬೇರೆ ರಾಜ್ಯಗಳಿಗೆ ಸಾಗಿಸಿದರು. ಕುಟುಂಬದಿಂದ ಬೇರೆಯಾದ ಮಕ್ಕಳ ದೂರುಗಳು 5,192. ಎಲ್ಲ ದೂರುಗಳೂ ಬಗೆಹರಿದವು. ಆದರೆ ಕೊನೆಯ ಮಗು ಮನೆಯವರನ್ನು ಸೇರುವಾಗ 2006ರ ಮಾರ್ಚ್ ಬಂದಿತ್ತು. ಅಷ್ಟು ಸೌಕರ್ಯ ಇರುವ ದೇಶದಲ್ಲೇ ಹೀಗೆ. ಮಗು ಸಿಕ್ಕ ಜಾಗದಿಂದ ದೂರವಾದಷ್ಟೂ ಅದರ ಗುರುತು ಅಳಿಸುತ್ತಾ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? 1098ಕ್ಕೆ ಫೋನ್ ಮಾಡಿ. 1996ರಲ್ಲಿ ನಮ್ಮ ಮುಂಬೈಯಲ್ಲೇ ಶುರುವಾದ ಮಕ್ಕಳ ಸಹಾಯವಾಣಿ ಅದು. ಇಲ್ಲವಾದರೆ ಪೊಲೀಸರಿಗೆ ತಿಳಿಸಿ. 24 ಗಂಟೆಯೊಳಗೆ ತಿಳಿಸಲೇಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯಲ್ಲಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಮಗು ಎಲ್ಲಿರಬೇಕು ಎಂದು ಹೇಳುವುದು ಆ ಸಮಿತಿ. ಸಹಾಯವಾಣಿಯವರೋ ಪೊಲೀಸರೋ ಬರುವವರೆಗೆ ಮಗುವಿನ ಜೊತೆ ಅಲ್ಲೇ ಕೂತಿರಿ. ಒಣ ಬಟ್ಟೆ, ಬಿಸ್ಕತ್ತು ಕೊಡಿ. ಅಣ್ಣ ತಂಗಿ ಇದ್ದರೆ ಯಾವ ಕಾರಣಕ್ಕೂ ಬೇರೆ ಮಾಡಬೇಡಿ. ಹಾಕಿಕೊಂಡಿದ್ದ ಬಟ್ಟೆ, ಕೈಯ ದಾರ, ತಾಯತ ಎಸೆಯಬೇಡಿ. ತಾಯಿ ಮೊದಲು ಗುರುತು ಹಿಡಿಯುವುದು ಅವನ್ನೇ. ಯಾವ ಜಾಗದಲ್ಲಿ, ಎಷ್ಟು ಗಂಟೆಗೆ, ಯಾರ ಜೊತೆ ಸಿಕ್ಕಿತು ಎಂದು ಆಗಲೇ ಬರೆದಿಡಿ.

ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಲೇಬೇಡಿ. ಕಾಯ್ದೆಯಲ್ಲೂ ಅದು ಅಪರಾಧ. ನನ್ನ ಕಾರಣ ಇನ್ನೊಂದಿದೆ. ಮಗುವಿನ ಹೆಸರು, ಮಚ್ಚೆ, ಅಂಗಿಯ ಬಣ್ಣ ಎಲ್ಲ ಊರಿಗೇ ಗೊತ್ತಾದ ಮೇಲೆ "ನಾನೇ ಇವಳ ಕಾಕಾ" ಎಂದು ಬಂದವನನ್ನು ನಾವು ಏನೆಂದು ಪರೀಕ್ಷಿಸೋಣ? ಉತ್ತರ ಎಲ್ಲ ಅವನ ಫೋನಿನಲ್ಲೇ ಇರುತ್ತದೆ. ಮಗುವನ್ನೂ "ಇವರು ನಿಮ್ಮ ಕಾಕಾ ಅಲ್ವಾ?" ಅಂತ ಕೇಳಬಾರದು. ಹೆದರಿದ ಮಗು ಯಾವುದಕ್ಕೂ ಹೂಂ ಅನ್ನುತ್ತದೆ. "ಇವರು ಯಾರು?" ಅಂತ ಕೇಳಿ ಸುಮ್ನೆ ಕಾಯಬೇಕು.

ಚಿಕ್ಕ ಮಕ್ಕಳಿಗೆ ವಿಳಾಸ ಗೊತ್ತಿರುವುದಿಲ್ಲ. ಅಮ್ಮನ ಹೆಸರು ಕೇಳಿದರೆ "ಅವ್ವ" ಎನ್ನುತ್ತಾರೆ. ನಾನು ಬೇರೆ ಥರ ಕೇಳುತ್ತೇನೆ. ನೀರು ಎಲ್ಲಿಂದ ತರ್ತೀರಿ? ಅವ್ವನನ್ನು ಪಕ್ಕದ ಮನೆಯವರು ಏನಂತ ಕೂಗ್ತಾರೆ? ಊರಿಗೆ ಹೋಗುವಾಗ ರೈಲಾ, ಬಸ್ಸಾ? ಜಾತ್ರೆ ಯಾವ ದೇವರದ್ದು? ಈ ಪ್ರಶ್ನೆಗಳು ಮಗುವಿನ ಭಾಷೆಯಲ್ಲೇ ಬರಬೇಕು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ದುಡಿಯಲು ಬಂದವರು ಪುಣೆ, ಮುಂಬೈಯಲ್ಲಿ ತುಂಬಾ ಜನ. ಅವರ ಮಕ್ಕಳು ಶಿಬಿರದಲ್ಲಿ ಮೂಕರಾಗಿ ಕೂತಿರುವಾಗ ಕಂಬಳಿಗಿಂತ ಜಾಸ್ತಿ ಬೇಕಾಗಿರುವುದು ಕನ್ನಡ ಬಲ್ಲ ಒಬ್ಬರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ಭಾಷಾಂತರ ಮಾಡುವವರ ಪಟ್ಟಿ ಇಟ್ಟುಕೊಳ್ಳುತ್ತವೆ. ಮುಂಬೈಯ ಮಾಟುಂಗಾದಲ್ಲೋ ಪುಣೆಯ ಪಿಂಪ್ರಿಯಲ್ಲೋ ಇರುವ ಕನ್ನಡಿಗರಾದ ನೀವು ಮಳೆಗಾಲಕ್ಕೆ ಮುಂಚೆ ಅಲ್ಲಿ ಹೆಸರು ಬರೆಸಿ. ನನಗೆ ಇದು ದುಡ್ಡು ಕೊಡುವುದಕ್ಕಿಂತ ದೊಡ್ಡ ಸಹಾಯ.

ನಿಜವಾಗಿಯೂ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳೂ ಇರುತ್ತಾರೆ. 2023ರ ಜುಲೈ 19ರ ರಾತ್ರಿ ರಾಯಗಡದ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದಾಗ, ದೂರದ ಆಶ್ರಮಶಾಲೆಗಳಲ್ಲಿದ್ದ ಮಕ್ಕಳು ಉಳಿದುಕೊಂಡರು. ಅಂಥ ಸಮಯದಲ್ಲಿ "ನಮಗೊಂದು ಮಗು ಕೊಡಿಸಿ" ಎಂಬ ಫೋನುಗಳು ಬರುತ್ತವೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ಹಕ್ಕು ಅಜ್ಜಿ, ಚಿಕ್ಕಪ್ಪ, ಸೋದರತ್ತೆಯಂಥವರದ್ದು. ಅವರನ್ನು ಹುಡುಕಿ, ಯಾರೂ ಇಲ್ಲ ಎಂದು ಸಮಿತಿ ತೀರ್ಮಾನಿಸಿದ ಮೇಲೆ ಮಾತ್ರ ದತ್ತು. ಅದೂ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ನಿಯಮದಂತೆ. ನೇರವಾಗಿ ಮಗುವನ್ನು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಜೈಲಾಗಬಹುದು.

ಕೆಲಸದ ಜಾಗಗಳಿಗೆ ಹೋದಾಗ ತಾಯಂದಿರಿಗೆ ಒಂದು ಮಾತು ಹೇಳುತ್ತೇನೆ. ಮಗುವಿಗೆ ನಿಮ್ಮ ನಂಬರ್ ಒಂದನ್ನೇ ಕಲಿಸಬೇಡಿ, ಪ್ರವಾಹದಲ್ಲಿ ಮೊದಲು ಕೆಡುವುದೇ ನಿಮ್ಮ ಫೋನು. ಊರಲ್ಲಿರುವವರ ನಂಬರ್ ಕೂಡ ಬೇಕು. ಆ ಇಬ್ಬರು ಮಕ್ಕಳ ತಾಯಿ ಈಗಲೂ ಪುಣೆಯಲ್ಲೇ ಇದ್ದಾಳೆ. ಮೇ ತಿಂಗಳು ಮುಗಿಯುವಾಗ ಮಕ್ಕಳ ಅಂಗಿಗಳನ್ನೆಲ್ಲ ಎತ್ತಿಕೊಂಡು ರಸ್ತೆಯಾಚೆಯ ಮೆಡಿಕಲ್ ಅಂಗಡಿಗೆ ಹೋಗುತ್ತಾಳೆ. ಅವಳಿಗೆ ಬರೆಯಲು ಬರುವುದಿಲ್ಲ. ಅಂಗಡಿಯ ಹುಡುಗ ಪ್ರತಿ ಅಂಗಿಯ ಒಳಮಡಿಕೆಯಲ್ಲಿ, ಅಳಿಸದ ಶಾಯಿಯಲ್ಲಿ, ಊರಲ್ಲಿರುವ ಅವಳ ಅಣ್ಣನ ನಂಬರ್ ಬರೆದುಕೊಡುತ್ತಾನೆ.